ಟೆಸ್ಟೋಸ್ಟೆರಾನ್ ಇಳಿದದ್ದಕ್ಕೆ ತಲೆಯ ಸ್ಕ್ಯಾನಿಂಗ್ ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ. ಎರಡು ವರ್ಷದಿಂದ ಸದಾ ಸುಸ್ತು ಅನ್ನುತ್ತಿದ್ದ. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಟೆಸ್ಟೋಸ್ಟೆರಾನ್ ತೀರಾ ಕಡಿಮೆ ಇದೆ ಎಂದರು. ಇಂಜೆಕ್ಷನ್ ಕೊಡುತ್ತಾರೆ ಅಂದುಕೊಂಡಿದ್ದೆವು. ಅವರು ಇನ್ನಷ್ಟು ರಕ್ತ ಪರೀಕ್ಷೆ ಮಾಡಿಸಿ, ತಲೆಯ ಎಂಆರ್‌ಐ ಬರೆದುಕೊಟ್ಟರು. ಪಿಟ್ಯುಟರಿ ಗ್ರಂಥಿಯಲ್ಲಿ 14 ಮಿಲಿಮೀಟರಿನ ಗಡ್ಡೆ ಇದೆಯಂತೆ. ಗಂಡಸರ ಹಾರ್ಮೋನು ಕಡಿಮೆಯಾದದ್ದರಿಂದ ಗಡ್ಡೆ ಬಂತೋ, ಗಡ್ಡೆ ಬಂದದ್ದರಿಂದ ಹಾರ್ಮೋನು ಕಡಿಮೆಯಾಯಿತೋ? ಇಂಜೆಕ್ಷನ್ ತೆಗೆದುಕೊಂಡರೆ ಗಡ್ಡೆ ಬೆಳೆಯುತ್ತದೆ ಎಂದು ಪರಿಚಯದವರೊಬ್ಬರು ಹೇಳುತ್ತಾರೆ, ನಿಜವೇ? ರಿಪೋರ್ಟಿನಲ್ಲಿ ಎಲ್‌ಎಚ್ ಎಂಬುದು ನಾರ್ಮಲ್ ಎಂದೇ ಇದೆ. ಅದು ಪಿಟ್ಯುಟರಿಯ ಹಾರ್ಮೋನಂತೆ. ಹಾಗಿದ್ದರೆ ಪಿಟ್ಯುಟರಿ ಸರಿಯಾಗಿದೆ ಎಂದೇ ಅರ್ಥವಲ್ಲವೇ?
– ಹೆಸರು, ಊರು ಬೇಡವೆಂದ ಓದುಗರು

ಉತ್ತರ: ತಮ್ಮನ ಇಂಥ ವಿಷಯವನ್ನು ಅಕ್ಕನಾದವಳು ಕೇಳುವುದು ಹೇಗೆ ಎಂದು ಸಂಕೋಚವಾಯಿತು ಎಂದೂ ಬರೆದಿದ್ದೀರಿ. ಸಂಕೋಚಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಎಷ್ಟೋ ಗಂಡಸರು ಈ ತೊಂದರೆಯನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಕಳೆಯುತ್ತಾರೆ. ಗಡ್ಡೆ ಅಷ್ಟರಲ್ಲಿ ಬೆಳೆದಿರುತ್ತದೆ. ಮನೆಯವರು ಯಾರಾದರೂ ಕೇಳಿದರೆ ಒಳ್ಳೆಯದೇ. ರಿಪೋರ್ಟಿನ ಜೆರಾಕ್ಸನ್ನೂ ಪತ್ರದ ಜೊತೆ ಇಟ್ಟು ಉಪಕಾರ ಮಾಡಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಆ ಒಂದು ಹಾಳೆಯಲ್ಲೇ ಇದೆ.

ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಗಡ್ಡೆ ಬಂದದ್ದರಿಂದ ಟೆಸ್ಟೋಸ್ಟೆರಾನ್ ಕಡಿಮೆಯಾಗಿದೆ. ಟೆಸ್ಟೋಸ್ಟೆರಾನ್ ಕಡಿಮೆಯಾದದ್ದರಿಂದ ಗಡ್ಡೆ ಬಂದದ್ದಲ್ಲ. ಇಂಜೆಕ್ಷನ್ ಬಗ್ಗೆ ಪರಿಚಯದವರು ಹೇಳಿದ್ದರಲ್ಲಿ ಒಂದು ಪಾಲು ನಿಜ ಇದೆ. ನಿಮ್ಮ ತಮ್ಮನವರ ಮಟ್ಟಿಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಮುಂದೆ ಹೇಳುತ್ತೇನೆ. ಎಲ್‌ಎಚ್ ‘ನಾರ್ಮಲ್’ ಎಂದು ಬರೆದಿರುವುದರಿಂದ ಪಿಟ್ಯುಟರಿ ಸರಿಯಾಗಿದೆ ಎಂದು ಅರ್ಥವಾಗುವುದಿಲ್ಲ. ಈ ಮೂರನೆಯದು ಬಹಳ ಜನ ಎಡವುವ ಜಾಗ. ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ.

ಪಿಟ್ಯುಟರಿ ಎಲ್ಲಿದೆ ಎನ್ನುವುದರಿಂದ ಶುರುಮಾಡುತ್ತೇನೆ. ಮೂಗಿನ ಹಿಂಭಾಗ ಮುಗಿಯುವಲ್ಲಿ, ತಲೆಬುರುಡೆಯ ತಳದಲ್ಲಿ, ಒಂದು ಸಣ್ಣ ಗುಳಿ ಇದೆ. ನೋಡಲು ಕುದುರೆಯ ಜೀನಿನ ಹಾಗೆ. ಹಳೆಯ ಕಾಲದ ಅಂಗರಚನಾ ಶಾಸ್ತ್ರಜ್ಞರು ಅದಕ್ಕೆ ‘ಟರ್ಕಿಯ ಜೀನು’ ಎಂದೇ ಹೆಸರಿಟ್ಟರು. ಆ ಗುಳಿಯಲ್ಲಿ ಕಡಲೆಕಾಳಿನಷ್ಟು ಗಾತ್ರದ, ಸುಮಾರು ಅರ್ಧ ಗ್ರಾಂ ತೂಕದ ಪಿಟ್ಯುಟರಿ ಗ್ರಂಥಿ ಕೂತಿದೆ. ಮೇಲಿನಿಂದ ಒಂದು ತೊಟ್ಟು ಇಳಿದು ಅದನ್ನು ಮೆದುಳಿನ ಹೈಪೊಥಲಾಮಸ್ ಎಂಬ ಭಾಗಕ್ಕೆ ಸೇರಿಸುತ್ತದೆ. ಗ್ರಂಥಿಯ ನೆತ್ತಿಯ ಮೇಲೆ, ಕೆಲವೇ ಮಿಲಿಮೀಟರ್ ದೂರದಲ್ಲಿ, ಎರಡು ಕಣ್ಣುಗಳಿಂದ ಬರುವ ನರಗಳು ಕೂಡುವ ಜಾಗ ಇದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈ ಪುಟ್ಟ ಗ್ರಂಥಿಯಲ್ಲಿ ಬೇರೆ ಬೇರೆ ಕೆಲಸದ ಕೋಶಗಳಿವೆ. ಕೆಲವು ಬೆಳವಣಿಗೆಯ ಹಾರ್ಮೋನು ಮಾಡುತ್ತವೆ, ಕೆಲವು ಥೈರಾಯ್ಡನ್ನು, ಕೆಲವು ಅಡ್ರಿನಲ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನುಗಳನ್ನು ಮಾಡುತ್ತವೆ. ನಮಗೆ ಈಗ ಬೇಕಾದವು ಎರಡು ಬಗೆ. ಒಂದು ಬಗೆಯವು ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎಲ್‌ಎಚ್ ವೃಷಣಕ್ಕೆ ಹೋಗಿ ಟೆಸ್ಟೋಸ್ಟೆರಾನ್ ಮಾಡಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ತಯಾರಿಗೆ ನೆರವಾಗುತ್ತದೆ. ಇನ್ನೊಂದು ಬಗೆಯವು ಪ್ರೊಲ್ಯಾಕ್ಟಿನ್ ಮಾಡುತ್ತವೆ. ಹೆರಿಗೆಯಾದ ತಾಯಿಯಲ್ಲಿ ಎದೆಹಾಲು ಉತ್ಪತ್ತಿ ಮಾಡಿಸುವುದು ಇದೇ ಪ್ರೊಲ್ಯಾಕ್ಟಿನ್. ಗಂಡಸರ ರಕ್ತದಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ.

ಆ್ಯಂಡ್ರೋಜನ್ ಎಂಬ ಪದವನ್ನೂ ಇಲ್ಲೇ ಬಿಡಿಸೋಣ. ಅದು ಒಂದು ಹಾರ್ಮೋನಿನ ಹೆಸರಲ್ಲ, ಒಂದು ಗುಂಪಿನ ಹೆಸರು. ಗಡ್ಡ, ಮೀಸೆ, ಒಡೆದ ದನಿ, ಗಟ್ಟಿ ಸ್ನಾಯು ಇವಕ್ಕೆಲ್ಲ ಕಾರಣವಾಗುವ ಹಾರ್ಮೋನುಗಳ ಗುಂಪು. ಅದರ ಮುಖ್ಯಸ್ಥ ಟೆಸ್ಟೋಸ್ಟೆರಾನ್. ಹೆಂಗಸರಲ್ಲೂ ಆ್ಯಂಡ್ರೋಜನ್ ಇದೆ, ಪ್ರಮಾಣ ಕಡಿಮೆ. ಅವರಲ್ಲಿ ಅದು ಅಂಡಾಶಯದಿಂದಲೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದಲೂ ಬರುತ್ತದೆ.

ಈಗ ಇವೆಲ್ಲ ಹೇಗೆ ಹೊಂದಿಕೊಂಡು ನಡೆಯುತ್ತವೆ ಎನ್ನುವುದಕ್ಕೆ ನಮ್ಮ ಕೆರೆ ನೀರಾವರಿಯನ್ನು ನೆನಪಿಸಿಕೊಳ್ಳಿ. ಕೆರೆಯ ತೂಬು ನೀರುಗಂಟಿಯ ಕೈಯಲ್ಲಿರುತ್ತದೆ. ಗದ್ದೆ ಒಣಗಿದರೆ ತೂಬು ಎತ್ತುತ್ತಾನೆ, ನೀರು ಸಾಕೆನಿಸಿದರೆ ಇಳಿಸುತ್ತಾನೆ. ಪಿಟ್ಯುಟರಿ ಆ ನೀರುಗಂಟಿ. ಕಾಲುವೆಯಲ್ಲಿ ಹರಿಯುವ ನೀರು ಎಲ್‌ಎಚ್. ಗದ್ದೆ ವೃಷಣ, ಬೆಳೆ ಟೆಸ್ಟೋಸ್ಟೆರಾನ್. ಬೆಳೆ ಸಾಕಷ್ಟಿದೆ ಎಂಬ ಸುದ್ದಿ ರಕ್ತದ ಮೂಲಕ ಹೈಪೊಥಲಾಮಸ್‌ಗೂ ಪಿಟ್ಯುಟರಿಗೂ ಮುಟ್ಟುತ್ತಲೇ ಇರುತ್ತದೆ, ಅದನ್ನು ನೋಡಿ ತೂಬು ಏರಿಳಿಯುತ್ತದೆ.

ಬೆಳೆ ಬರಲಿಲ್ಲ ಅಂದುಕೊಳ್ಳಿ. ಅನುಭವಸ್ಥ ರೈತರು ಮೊದಲು ನೋಡುವುದು ಕಾಲುವೆಯನ್ನು. ಕಾಲುವೆ ತುಂಬಿ ಹರಿಯುತ್ತಿದ್ದೂ ಬೆಳೆ ಇಲ್ಲವೆಂದರೆ ದೋಷ ಗದ್ದೆಯಲ್ಲಿದೆ. ಕಾಲುವೆಯೇ ಬತ್ತಿದ್ದರೆ ಗದ್ದೆಯನ್ನು ದೂರಿ ಪ್ರಯೋಜನವಿಲ್ಲ, ತೂಬಿನ ಹತ್ತಿರ ಹೋಗಿ ನೋಡಬೇಕು. ವೈದ್ಯರು ಟೆಸ್ಟೋಸ್ಟೆರಾನ್ ಕಡಿಮೆ ಎಂದು ಕಂಡ ಮೇಲೆ ಇಂಜೆಕ್ಷನ್ ಬರೆಯದೆ ಮತ್ತೆ ರಕ್ತ ತೆಗೆಸಿದ್ದು ಈ ಕಾರಣಕ್ಕೆ.

ನೀವು ಕಳಿಸಿದ ಹಾಳೆಯನ್ನು ಈಗ ಮುಂದಿಟ್ಟುಕೊಳ್ಳಿ. ಮೊದಲ ಸಾಲು: ಟೆಸ್ಟೋಸ್ಟೆರಾನ್ 138. ಪಕ್ಕದಲ್ಲಿ ಲ್ಯಾಬಿನವರು ಹಾಕಿದ ನಕ್ಷತ್ರದ ಗುರುತು ಇದೆ. ವಯಸ್ಕ ಗಂಡಸರಲ್ಲಿ ಇದು ಒಂದು ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೊಗ್ರಾಂ ನಡುವೆ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತ ಎಂದು ಮೇಲೆ ಬರೆದಿದೆ. ಅದು ಸರಿಯಾದ ಕ್ರಮ. ಟೆಸ್ಟೋಸ್ಟೆರಾನ್ ಬೆಳಗಿನ ಹೊತ್ತು ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಸಂಜೆ ತೆಗೆದ ರಕ್ತ ನಂಬಿ ನಿರ್ಧಾರಕ್ಕೆ ಬರಬಾರದು. ಎರಡನೆಯ ಸಾಲು: ಎಲ್‌ಎಚ್ 2.3. ನಕ್ಷತ್ರ ಇಲ್ಲ. ಮೂರನೆಯ ಸಾಲು: ಎಫ್‌ಎಸ್‌ಎಚ್ 3.1. ಅದಕ್ಕೂ ನಕ್ಷತ್ರ ಇಲ್ಲ. ನಾಲ್ಕನೆಯ ಸಾಲು: ಪ್ರೊಲ್ಯಾಕ್ಟಿನ್ 486. ಇದಕ್ಕೆ ಎರಡು ನಕ್ಷತ್ರ.

ನಿಮ್ಮ ಗೊಂದಲ ಎರಡನೆಯ ಸಾಲಿನದು, ಅದು ತೀರಾ ಸಹಜ. ಲ್ಯಾಬಿನ ಯಂತ್ರ ಒಂದೊಂದು ಅಂಕಿಯನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಆರೋಗ್ಯವಂತರಲ್ಲಿ ಎಲ್‌ಎಚ್ ಇಷ್ಟರಿಂದ ಇಷ್ಟರೊಳಗೆ ಇರುತ್ತದೆ, 2.3 ಅದರೊಳಗಿದೆ, ಆದ್ದರಿಂದ ಗುರುತು ಹಾಕಲಿಲ್ಲ. ಆದರೆ ಎಲ್‌ಎಚ್ ಅನ್ನು ಟೆಸ್ಟೋಸ್ಟೆರಾನ್ ಪಕ್ಕದಲ್ಲಿಟ್ಟು ಓದಬೇಕು. ಬೆಳೆ ಒಣಗಿ ನಿಂತಿರುವಾಗ ನೀರುಗಂಟಿ ತೂಬನ್ನು ಪೂರ್ತಿ ಎತ್ತಬೇಕಿತ್ತು. ಟೆಸ್ಟೋಸ್ಟೆರಾನ್ 138ಕ್ಕೆ ಬಿದ್ದಿರುವಾಗ ಆರೋಗ್ಯವಾದ ಪಿಟ್ಯುಟರಿ ಎಲ್‌ಎಚ್ ಅನ್ನು ಸಾಮಾನ್ಯ ಮಿತಿಯನ್ನು ದಾಟಿಸಿ ಮೇಲಕ್ಕೆ ಒಯ್ಯುತ್ತಿತ್ತು. ವೃಷಣವೇ ಕೆಟ್ಟಿರುವ ಗಂಡಸರಲ್ಲಿ ಹಾಗೆಯೇ ಆಗುತ್ತದೆ: ಟೆಸ್ಟೋಸ್ಟೆರಾನ್ ಕೆಳಗೆ, ಎಲ್‌ಎಚ್ ಮೇಲೆ. ನಿಮ್ಮ ತಮ್ಮನವರಲ್ಲಿ ಎಲ್‌ಎಚ್ ಏನೂ ಆಗದವರ ಹಾಗೆ 2.3ರಲ್ಲಿ ಕೂತಿದೆ. ಬೇರೆಯವರಲ್ಲಿ ಆ ಅಂಕಿ ನಾರ್ಮಲ್, ಇವರಲ್ಲಿ ಅದೇ ಅಂಕಿ ದೋಷದ ಗುರುತು. ಹಾಳೆಯಲ್ಲಿ ನಕ್ಷತ್ರವಿಲ್ಲದ ಆ ಸಾಲನ್ನು ಓದಿಯೇ ವೈದ್ಯರು ತಲೆಯ ಕಡೆಗೆ ತಿರುಗಿದ್ದು. ಅವರು ಒಳ್ಳೆಯ ಕೆಲಸ ಮಾಡಿದ್ದಾರೆ ಎಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ.

ತೂಬಿನ ಬಳಿ ಏನಾಗಿದೆ ಎನ್ನುವುದನ್ನು ನಾಲ್ಕನೆಯ ಸಾಲು ಹೇಳುತ್ತದೆ. ಗಂಡಸರಲ್ಲಿ ಪ್ರೊಲ್ಯಾಕ್ಟಿನ್ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ 20 ನ್ಯಾನೊಗ್ರಾಂ ಒಳಗೇ ಇರುತ್ತದೆ. ಇವರದು 486. ಪ್ರೊಲ್ಯಾಕ್ಟಿನ್ ಮಾಡುವ ಕೋಶಗಳೇ ಗಡ್ಡೆಯಾಗಿ ಬೆಳೆದಾಗ ಮಾತ್ರ ಅದು ಸಾಮಾನ್ಯವಾಗಿ ಇಷ್ಟು ಏರುತ್ತದೆ. ವೈದ್ಯರ ಚೀಟಿಯಲ್ಲಿ ನೀವು ಕಂಡ ‘ಪ್ರೊಲ್ಯಾಕ್ಟಿನೋಮಾ’ ಎಂಬ ಪದ ಅದೇ. ಹಾರ್ಮೋನು ಸುರಿಸುವ ಪಿಟ್ಯುಟರಿ ಗಡ್ಡೆಗಳಲ್ಲಿ ಅತಿ ಹೆಚ್ಚು ಕಾಣುವುದು ಇದು. 10 ಮಿಲಿಮೀಟರಿಗಿಂತ ಚಿಕ್ಕದಾದರೆ ಮೈಕ್ರೋ, ಅದಕ್ಕೆ ಸಮ ಅಥವಾ ದೊಡ್ಡದಾದರೆ ಮ್ಯಾಕ್ರೋ ಎನ್ನುತ್ತಾರೆ. ಹೆಂಗಸರಲ್ಲಿ ಮುಟ್ಟು ತಪ್ಪುವುದರಿಂದ ಬೇಗ ಗೊತ್ತಾಗಿ, ಗಡ್ಡೆ ಚಿಕ್ಕದಿರುವಾಗಲೇ ಸಿಗುತ್ತದೆ. ಗಂಡಸರಲ್ಲಿ ಅಂಥ ತಿಂಗಳ ಲೆಕ್ಕ ಇಲ್ಲ. ಸುಸ್ತು, ಆಸಕ್ತಿ ಕುಗ್ಗುವುದು, ವಾರಕ್ಕೆ ಮೂರು ಸಲ ಶೇವ್ ಮಾಡುತ್ತಿದ್ದವರಿಗೆ ಒಂದೇ ಸಲ ಸಾಕಾಗುವುದು, ಇವನ್ನೆಲ್ಲ ಕೆಲಸದ ಒತ್ತಡ, ವಯಸ್ಸು ಎಂದು ತಳ್ಳಿಹಾಕುತ್ತಾರೆ. ಗಂಡಸರಲ್ಲಿ ಇದು ದೊಡ್ಡದಾಗಿಯೇ ಸಿಗುವುದಕ್ಕೆ ಇದೊಂದು ಮುಖ್ಯ ಕಾರಣ.

‘ಮೆದುಳಿನ ಗಡ್ಡೆ’ ಎಂದು ಮನೆಯಲ್ಲಿ ಅತ್ತರು ಎಂದು ಬರೆದಿದ್ದೀರಿ. ಇದು ಮೆದುಳಿನೊಳಗಿನ ಗಡ್ಡೆಯಲ್ಲ, ಮೆದುಳಿನ ಕೆಳಗಿರುವ ಗ್ರಂಥಿಯ ಗಡ್ಡೆ. ಕ್ಯಾನ್ಸರೂ ಅಲ್ಲ. ಪಿಟ್ಯುಟರಿ ಗಡ್ಡೆಗಳಲ್ಲಿ ಕ್ಯಾನ್ಸರ್ ಆಗಿ ಬೇರೆಡೆಗೆ ಹರಡುವವು ಸಾವಿರಕ್ಕೆ ಒಂದೆರಡು. ಬೇರೆ ಯಾವುದೋ ಕಾರಣಕ್ಕೆ ತೀರಿಕೊಂಡವರ ಶವಪರೀಕ್ಷೆಗಳಲ್ಲಿ ಹತ್ತರಲ್ಲಿ ಒಬ್ಬರಿಗಾದರೂ ಸಣ್ಣದೊಂದು ಪಿಟ್ಯುಟರಿ ಗಡ್ಡೆ ಕಂಡಿದೆ, ಬದುಕಿದ್ದಾಗ ಅವರಿಗೆ ಅದರ ಸುಳಿವೇ ಇರಲಿಲ್ಲ. ಅಮ್ಮನಿಗೆ ಇದನ್ನು ಓದಿ ಹೇಳಿ.

ಪ್ರೊಲ್ಯಾಕ್ಟಿನ್ ಏರಿದರೆ ಟೆಸ್ಟೋಸ್ಟೆರಾನ್ ಏಕೆ ಇಳಿಯಬೇಕು? ನೀರುಗಂಟಿಯೂ ಸ್ವತಂತ್ರನಲ್ಲ. ಹೈಪೊಥಲಾಮಸ್‌ನಿಂದ ಒಂದೆರಡು ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನಿನ ಒಂದು ಸಣ್ಣ ತುಣುಕು ಇಳಿದು ಬರುತ್ತದೆ. ಪ್ರತಿ ಸಲವೂ ಪಿಟ್ಯುಟರಿ ಸ್ವಲ್ಪ ಎಲ್‌ಎಚ್ ಬಿಡುತ್ತದೆ. ಈ ತಾಳ ತಪ್ಪಿದರೆ ಎಲ್‌ಎಚ್ ನಿಲ್ಲುತ್ತದೆ. ತಾಳ ಹಿಡಿಸುವುದು ಕಿಸ್‌ಪೆಪ್ಟಿನ್ ಎಂಬ ವಸ್ತು ಮಾಡುವ ನರಕೋಶಗಳು. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ಅದರ ವಂಶವಾಹಿ ಪತ್ತೆಯಾದ್ದರಿಂದ, ಅಲ್ಲಿ ತಯಾರಾಗುವ ‘ಕಿಸಸ್’ ಚಾಕೊಲೇಟಿನ ನೆನಪಿಗೆ ಈ ಹೆಸರು ಬಂತು. ರಕ್ತದಲ್ಲಿ ಪ್ರೊಲ್ಯಾಕ್ಟಿನ್ ವಿಪರೀತವಾದಾಗ ಅದು ಈ ಕಿಸ್‌ಪೆಪ್ಟಿನ್ ಕೋಶಗಳನ್ನು ಅಡಗಿಸುತ್ತದೆ. ಕಿಸ್‌ಪೆಪ್ಟಿನ್ ಅಡಗಿದರೆ ಜಿಎನ್‌ಆರ್‌ಎಚ್ ಇಲ್ಲ, ಅದಿಲ್ಲದಿದ್ದರೆ ಎಲ್‌ಎಚ್ ಇಲ್ಲ, ಎಲ್‌ಎಚ್ ಇಲ್ಲದಿದ್ದರೆ ಟೆಸ್ಟೋಸ್ಟೆರಾನ್ ಇಲ್ಲ. ಪ್ರಕೃತಿಗೆ ಇದು ಹೊಸದಲ್ಲ. ಮಗುವಿಗೆ ಹಾಲೂಡಿಸುವ ತಾಯಿಗೆ ಕೆಲವು ತಿಂಗಳು ಮುಟ್ಟು ಬಾರದಿರುವಲ್ಲಿ ಕೆಲಸ ಮಾಡುವುದೂ ಬಹುಪಾಲು ಇದೇ ದಾರಿ. ಅಲ್ಲಿ ಅದಕ್ಕೊಂದು ಉದ್ದೇಶವಿದೆ, ನಿಮ್ಮ ತಮ್ಮನವರಲ್ಲಿ ಅದು ಉದ್ದೇಶವಿಲ್ಲದೆ ನಡೆಯುತ್ತಿದೆ.

ಇನ್ನೊಂದು ದಾರಿಯೂ ಇದೆ. ಗಡ್ಡೆ ದೊಡ್ಡದಾದರೆ ಪಕ್ಕದ ಎಲ್‌ಎಚ್ ಕೋಶಗಳನ್ನು ಒತ್ತಿ ಹಿಂಡುತ್ತದೆ. ಯಾವ ಹಾರ್ಮೋನನ್ನೂ ಸುರಿಸದ ಗಡ್ಡೆಗಳೂ ಟೆಸ್ಟೋಸ್ಟೆರಾನನ್ನು ಇಳಿಸುವುದು ಹೀಗೆ. ಥೈರಾಯ್ಡ್, ಕಾರ್ಟಿಸೋಲ್ ಪರೀಕ್ಷೆಗಳನ್ನೂ ಬರೆದಿದ್ದಾರೆ, ಅದೇಕೆ ಎಂದು ಕೇಳಿದ್ದೀರಲ್ಲ, ಒತ್ತಡ ಬೇರೆ ಕೋಶಗಳಿಗೂ ತಾಗಿದೆಯೇ ಎಂದು ನೋಡಲು.

ಇನ್ನು ತಿರುಗಿಸಿ ಕೇಳಿದ ಪ್ರಶ್ನೆ: ಹಾರ್ಮೋನು ಕಡಿಮೆಯಾದರೆ ಗಡ್ಡೆ ಬರಬಹುದೇ? ನಿಮ್ಮ ಊಹೆಯ ಹಿಂದೆ ಒಂದು ಒಳ್ಳೆಯ ತರ್ಕವಿದೆ. ಬೆಳೆ ಬಾರದಿದ್ದಾಗ ನೀರುಗಂಟಿ ತೂಬಿನ ಬಳಿ ಹಗಲೂ ರಾತ್ರಿ ದುಡಿದು, ಅವನ ಕೆಲಸದ ಜಾಗವೇ ಊದಿಕೊಳ್ಳಬಾರದೇಕೆ? ಥೈರಾಯ್ಡಿನಲ್ಲಿ ನಿಜವಾಗಿ ಹೀಗೆ ಆಗುತ್ತದೆ. ಥೈರಾಯ್ಡ್ ಕೊರತೆಗೆ ವರ್ಷಗಟ್ಟಲೆ ಚಿಕಿತ್ಸೆ ಸಿಗದವರಲ್ಲಿ ಪಿಟ್ಯುಟರಿ ದಪ್ಪವಾಗಿ ಎಂಆರ್‌ಐಯಲ್ಲಿ ಗಡ್ಡೆಯ ಹಾಗೆಯೇ ಕಾಣುತ್ತದೆ. ಥೈರಾಕ್ಸಿನ್ ಮಾತ್ರೆ ಕೊಟ್ಟರೆ ಕೆಲವು ತಿಂಗಳಲ್ಲಿ ತಾನಾಗಿ ಕುಗ್ಗುತ್ತದೆ. ವೃಷಣ ಮೊದಲಿನಿಂದ ಕೆಲಸ ಮಾಡದವರಲ್ಲೂ ಅಪರೂಪಕ್ಕೆ ಅಂಥ ಊತ ಕಂಡದ್ದುಂಟು. ಆದರೆ ಆಗ ಊದುವುದು ಎಲ್‌ಎಚ್, ಎಫ್‌ಎಸ್‌ಎಚ್ ಮಾಡುವ ಕೋಶಗಳು, ರಕ್ತದಲ್ಲಿ ಅವೆರಡೂ ತುಂಬಾ ಏರಿರುತ್ತವೆ. ನಿಮ್ಮ ತಮ್ಮನವರಲ್ಲಿ ಅವೆರಡೂ ಏರಿಲ್ಲ. ಏರಿರುವುದು ಪ್ರೊಲ್ಯಾಕ್ಟಿನ್. ಆದ್ದರಿಂದ ಇಲ್ಲಿ ಆ ದಾರಿ ಅಲ್ಲ. ಪಿಟ್ಯುಟರಿ ಗಡ್ಡೆ ಸಾಮಾನ್ಯವಾಗಿ ಒಂದೇ ಒಂದು ಕೋಶದಲ್ಲಿ ಹುಟ್ಟುತ್ತದೆ. ಅದರ ವಂಶವಾಹಿಯಲ್ಲಿ ಆದ ಬದಲಾವಣೆಯಿಂದ ಅದು ಲಗಾಮಿಲ್ಲದೆ ಒಡೆದು ಹೆಚ್ಚಾಗುತ್ತಾ ಹೋಗುತ್ತದೆ. ಬಹುತೇಕರಲ್ಲಿ ಇದು ಮನೆತನದಲ್ಲಿ ಹರಿದು ಬರುವ ಕಾಯಿಲೆಯೂ ಅಲ್ಲ. ಊಟ, ತಿಂಡಿ, ಮೊಬೈಲು, ಹಳೆಯ ಅಭ್ಯಾಸ ಯಾವುದನ್ನೂ ದೂರಬೇಡಿ.

ಈಗ ಇಂಜೆಕ್ಷನ್ನಿನ ವಿಷಯ. ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ಟೆಸ್ಟೋಸ್ಟೆರಾನ್ ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1935ರಲ್ಲಿ. ಅದಕ್ಕೂ ಮುಂಚೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೂರ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಯುವತಿ ಡೊರೊಥಿ ಪ್ರೈಸ್, ವೃಷಣದಿಂದ ತೆಗೆದ ಸಾರವನ್ನು ಗಂಡು ಇಲಿಗಳಿಗೆ ಚುಚ್ಚಿ ನೋಡುತ್ತಿದ್ದರು. ಗಂಡು ಹಾರ್ಮೋನು ಕೊಟ್ಟರೆ ವೃಷಣ ಇನ್ನಷ್ಟು ಪುಷ್ಟಿಯಾಗಬೇಕು ಎಂದಲ್ಲವೇ ಯಾರಾದರೂ ಎಣಿಸುವುದು? ಆದದ್ದು ತಿರುಗುಮುರುಗು: ವೃಷಣ ಸೊರಗಿತು. ಹೆಣ್ಣು ಹಾರ್ಮೋನು ಕೊಟ್ಟರೂ ಸೊರಗಿತು. ಜೊತೆಗೆ ಪಿಟ್ಯುಟರಿಯ ಅಂಶವನ್ನೂ ಕೊಟ್ಟಾಗ ಸೊರಗಲಿಲ್ಲ. 1932ರಲ್ಲಿ ಅವರು ಇದರ ಅರ್ಥವನ್ನು ವಿವರವಾಗಿ ಬರೆದರು: ಹೊರಗಿನಿಂದ ಬಂದ ಹಾರ್ಮೋನು ನೇರವಾಗಿ ವೃಷಣವನ್ನು ಕೆಡಿಸಲಿಲ್ಲ, ಪಿಟ್ಯುಟರಿಯ ಬಾಯಿ ಮುಚ್ಚಿಸಿತು. ಹಾರ್ಮೋನು ಗ್ರಂಥಿಗಳು ಒಂದನ್ನೊಂದು ಕೇಳಿಸಿಕೊಂಡು ನಡೆಯುತ್ತವೆ ಎಂಬ ಇವತ್ತಿನ ತಿಳಿವಳಿಕೆಯ ತಳಪಾಯ ಆ ಇಲಿಗಳಲ್ಲಿದೆ.

ನಮ್ಮ ಕೆರೆಯ ಭಾಷೆಯಲ್ಲಿ ಹೇಳುವುದಾದರೆ, ಪೇಟೆಯಿಂದ ಭತ್ತ ತಂದು ಕಣಜ ತುಂಬಿಸಿದ ಹಾಗೆ. ಮನೆಯವರ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಕಣಜ ತುಂಬಿದೆ ಎಂದು ಕೇಳಿದ ನೀರುಗಂಟಿ ತೂಬನ್ನು ಪೂರ್ತಿ ಮುಚ್ಚುತ್ತಾನೆ, ಗದ್ದೆ ಪೂರ್ತಿ ಒಣಗುತ್ತದೆ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ನಿನಿಂದ ಸುಸ್ತು ಕಡಿಮೆಯಾಗಬಹುದು, ಗಡ್ಡ ಚಿಗುರಬಹುದು, ವೀರ್ಯಾಣು ಮಾತ್ರ ಇನ್ನೂ ಇಳಿಯುತ್ತದೆ, ಕೆಲವರಲ್ಲಿ ಸೊನ್ನೆಗೇ ಬರುತ್ತದೆ. ಮಗು ಬೇಕು ಎಂದು ಐದು ವರ್ಷದಿಂದ ಕಾಯುತ್ತಿರುವವರಿಗೆ ಅದು ಕೊಡಬಾರದ ಔಷಧ. ನಾನು ಮೊದಲೇ ಹೇಳಿದ ದೊಡ್ಡ ಕಾರಣ ಇದು. ಜಿಮ್ಮಿಗೆ ಹೋಗುವ ಹುಡುಗರು ಮೈ ಬೆಳೆಸಲು ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡುಗಳೂ ಆ್ಯಂಡ್ರೋಜನ್ ಗುಂಪಿನವೇ. ಅವರ ರಕ್ತದಲ್ಲೂ ಎಲ್‌ಎಚ್ ತಳ ಕಂಡಿರುತ್ತದೆ, ಗಡ್ಡೆ ಇರುವುದಿಲ್ಲ. ವೈದ್ಯರು ಆ ಪ್ರಶ್ನೆ ಕೇಳಿದರೆ ಮುಚ್ಚಿಡಬಾರದು.

ಪರಿಚಯದವರು ಹೇಳಿದ್ದರಲ್ಲಿ ನಿಜವಾದ ಪಾಲು ಯಾವುದು? ಗಂಡಸರ ಮೈಯಲ್ಲಿ, ಅದರಲ್ಲೂ ಕೊಬ್ಬಿನಲ್ಲಿ, ಅರೊಮಟೇಸ್ ಎಂಬ ಕಿಣ್ವ ಇದೆ. ಅದು ಟೆಸ್ಟೋಸ್ಟೆರಾನಿನ ಒಂದು ಪಾಲನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಿಸುತ್ತದೆ. ಪ್ರೊಲ್ಯಾಕ್ಟಿನ್ ಕೋಶಗಳಿಗೆ ಈಸ್ಟ್ರೋಜನ್ ಎಂದರೆ ಗೊಬ್ಬರ. ಗರ್ಭಿಣಿಯರಲ್ಲಿ ಈಸ್ಟ್ರೋಜನ್ ಏರುವುದರಿಂದಲೇ ಪ್ರೊಲ್ಯಾಕ್ಟಿನ್ ಕೋಶಗಳು ಹೆಚ್ಚಿ ಪಿಟ್ಯುಟರಿ ದೊಡ್ಡದಾಗುತ್ತದೆ. ಪ್ರೊಲ್ಯಾಕ್ಟಿನೋಮಾ ಇದ್ದ ಕೆಲವು ಗಂಡಸರಿಗೆ ಟೆಸ್ಟೋಸ್ಟೆರಾನ್ ಕೊಟ್ಟಾಗ ಪ್ರೊಲ್ಯಾಕ್ಟಿನ್ ಏರಿದ್ದು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿದೆ. ಅಂದರೆ ತೊಡಕು ಆ್ಯಂಡ್ರೋಜನ್ನಿನದಲ್ಲ, ಅದು ಮೈಯಲ್ಲಿ ಪಡೆಯುವ ಇನ್ನೊಂದು ರೂಪದ್ದು. ಗಡ್ಡೆಗೆ ಔಷಧ ನಡೆಯುತ್ತಿರುವಾಗ, ಅಗತ್ಯವಿದ್ದವರಿಗೆ, ಪ್ರೊಲ್ಯಾಕ್ಟಿನ್ ಮೇಲೆ ಕಣ್ಣಿಟ್ಟು ಟೆಸ್ಟೋಸ್ಟೆರಾನ್ ಕೊಡುವುದುಂಟು. ಗಡ್ಡೆಯನ್ನು ಹಾಗೇ ಬಿಟ್ಟು ಇಂಜೆಕ್ಷನ್ನಿನಿಂದ ಶುರುಮಾಡುವುದು ತಪ್ಪು.

ಆ್ಯಂಡ್ರೋಜನ್ ಮತ್ತು ಪಿಟ್ಯುಟರಿ ಗಡ್ಡೆಯ ನಂಟು ಯಾವಾಗಲೂ ‘ಕಡಿಮೆ’ಯ ಕಡೆಗೇ ಎಂದು ತಿಳಿಯಬೇಡಿ. ಹೆಂಗಸರಲ್ಲಿ ಅದು ತಿರುಗಬಹುದು. ಪಿಟ್ಯುಟರಿಯಲ್ಲಿ ಎಸಿಟಿಎಚ್ ಮಾಡುವ ಕೋಶಗಳು ಗಡ್ಡೆಯಾದರೆ ಅಡ್ರಿನಲ್ ಗ್ರಂಥಿಗೆ ಬಿಡುವಿಲ್ಲದ ಚಾಟಿ. ಅಡ್ರಿನಲ್ ಕಾರ್ಟಿಸೋಲ್ ಜೊತೆ ಆ್ಯಂಡ್ರೋಜನ್ ಕೂಡ ಸುರಿಸುತ್ತದೆ. ಮುಖದಲ್ಲಿ ಕೂದಲು, ಮೊಡವೆ, ಮುಟ್ಟು ನಿಲ್ಲುವುದು, ದುಂಡಾದ ಮುಖ, ಹೊಟ್ಟೆಯ ಮೇಲೆ ನೇರಳೆ ಗೆರೆಗಳು ಕಾಣುತ್ತವೆ. ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಷಿಂಗ್ 1912ರ ತಮ್ಮ ಪುಸ್ತಕದಲ್ಲಿ ಇಂಥದೇ 23 ವರ್ಷದ ಯುವತಿಯೊಬ್ಬಳನ್ನು ವರ್ಣಿಸಿದರು, ಇದಕ್ಕೆ ಪಿಟ್ಯುಟರಿಯ ಸಣ್ಣ ಗಡ್ಡೆ ಮೂಲ ಎಂದು 1932ರಲ್ಲಿ ಬರೆದರು. ಕಾಯಿಲೆಗೆ ಅವರ ಹೆಸರೇ ಉಳಿದಿದೆ. ಮುಖದಲ್ಲಿ ಕೂದಲು ಬಂದ ಹುಡುಗಿಯರೆಲ್ಲ ಎಂಆರ್‌ಐಗೆ ಓಡಬೇಕಾಗಿಲ್ಲ. ಅವರಲ್ಲಿ ಬಹುಪಾಲು ಕಾರಣ ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ, ಅದಕ್ಕೂ ಪಿಟ್ಯುಟರಿ ಗಡ್ಡೆಗೂ ಸಂಬಂಧವಿಲ್ಲ.

ಇನ್ನೊಂದು ಸಂಗತಿ ವಯಸ್ಸಾದವರ ಮನೆಗಳಿಗೆ ಉಪಯೋಗವಾದೀತು ಎಂದು ಹೇಳುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರಿಗೆ ಟೆಸ್ಟೋಸ್ಟೆರಾನ್ ಇಳಿಸಲು ಲ್ಯೂಪ್ರೊಲೈಡಿನಂಥ ಇಂಜೆಕ್ಷನ್ ಕೊಡುತ್ತಾರೆ. ಅದು ಜಿಎನ್‌ಆರ್‌ಎಚ್‌ನ ನಕಲು. ತಾಳದ ಬದಲು ಎಡೆಬಿಡದೆ ಬಡಿಯುವುದರಿಂದ ಪಿಟ್ಯುಟರಿ ಕೊನೆಗೆ ದಣಿದು ಎಲ್‌ಎಚ್ ನಿಲ್ಲಿಸುತ್ತದೆ, ಆದರೆ ಮೊದಲ ಕೆಲವು ದಿನ ಎಲ್‌ಎಚ್ ಹೆಚ್ಚಾಗಿಯೇ ಚಿಮ್ಮುತ್ತದೆ. ಗೊತ್ತಿಲ್ಲದ ಪಿಟ್ಯುಟರಿ ಗಡ್ಡೆಯೊಂದು ಒಳಗೆ ಇದ್ದವರಲ್ಲಿ ಆ ಹೊತ್ತಿಗೆ ಗಡ್ಡೆಯೊಳಗೆ ರಕ್ತ ಒಸರಿದ ಪ್ರಸಂಗಗಳಿವೆ. ಬಹಳ ಅಪರೂಪ. ಇಂಜೆಕ್ಷನ್ ಆದ ಕೆಲವು ಗಂಟೆ ಅಥವಾ ದಿನಗಳಲ್ಲಿ ಸಿಡಿಲೆರಗಿದಂಥ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ರೆಪ್ಪೆ ಇಳಿಬೀಳುವುದು ಆದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಮ್ಮ ತಮ್ಮನವರ ಚಿಕಿತ್ಸೆಗೆ ಬರೋಣ. ಪಿಟ್ಯುಟರಿಯ ಹೆಚ್ಚಿನ ಗಡ್ಡೆಗಳನ್ನು ಮೂಗಿನ ಮೂಲಕ ಹೋಗಿ ತೆಗೆಯುತ್ತಾರೆ. ಆಸ್ಟ್ರಿಯಾದ ಹರ್ಮನ್ ಷ್ಲೊಫರ್ 1907ರಲ್ಲಿ ಮೊದಲ ಸಲ ಆ ದಾರಿ ಹಿಡಿದರು. ಪ್ರೊಲ್ಯಾಕ್ಟಿನೋಮಾ ಮಾತ್ರ ಬೇರೆ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆ. ಪ್ರೊಲ್ಯಾಕ್ಟಿನ್ ಕೋಶಗಳನ್ನು ಸದಾ ಹಿಡಿದಿಡುವುದು ಮೆದುಳಿನಿಂದ ಇಳಿಯುವ ಡೋಪಮೈನ್. ಚೀಟಿಯಲ್ಲಿರುವ ಕ್ಯಾಬರ್ಗೋಲಿನ್ ಆ ಡೋಪಮೈನಿನ ಕೆಲಸವನ್ನೇ ಮಾಡುತ್ತದೆ. ವಾರಕ್ಕೆ ಒಂದೋ ಎರಡೋ ಸಲ ಸಾಕು. ಬಹುಪಾಲು ರೋಗಿಗಳಲ್ಲಿ ಪ್ರೊಲ್ಯಾಕ್ಟಿನ್ ಇಳಿಯುತ್ತದೆ, ಗಡ್ಡೆಯೂ ಕುಗ್ಗುತ್ತದೆ. ಪ್ರೊಲ್ಯಾಕ್ಟಿನ್ ಇಳಿದರೆ ಮೇಲಿನ ತಾಳ ಮತ್ತೆ ಶುರುವಾಗಿ ಅನೇಕರಲ್ಲಿ ಟೆಸ್ಟೋಸ್ಟೆರಾನ್ ಕೆಲವು ತಿಂಗಳಲ್ಲಿ ತಾನಾಗಿ ಏರುತ್ತದೆ, ವೀರ್ಯಾಣುವೂ ಸುಧಾರಿಸುತ್ತದೆ. ಎಲ್‌ಎಚ್ ಕೋಶಗಳು ಒತ್ತಡದಿಂದ ಹಾಳಾಗಿದ್ದರೆ ಏರದೆಯೂ ಇರಬಹುದು. ಆಗಲೂ ಮಗು ಬೇಕೆಂದವರಿಗೆ ಟೆಸ್ಟೋಸ್ಟೆರಾನ್ ಬದಲು, ಎಲ್‌ಎಚ್‌ನ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್, ಬೇಕಾದರೆ ಜೊತೆಗೆ ಎಫ್‌ಎಸ್‌ಎಚ್, ಕೊಡುವ ದಾರಿ ಇದೆ. ಅದು ಕಾಲುವೆಗೇ ನೀರು ಬಿಟ್ಟ ಹಾಗೆ.

ಕ್ಯಾಬರ್ಗೋಲಿನ್ ರಾತ್ರಿ ಊಟವಾದ ಮೇಲೆ, ಮಲಗುವ ಹೊತ್ತಿಗೆ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ಮೊದಲ ವಾರಗಳಲ್ಲಿ ಹಾಸಿಗೆಯಿಂದ ದಡಬಡಿಸಿ ಏಳಬಾರದು, ತಲೆ ಸುತ್ತುತ್ತದೆ. ಕೆಲವರಲ್ಲಿ ಇದು ಮನಸ್ಸಿನ ಹಿಡಿತ ಸಡಿಲಿಸಿ ಜೂಜು, ಅತಿ ಖರ್ಚು, ಅತಿ ಕಾಮದ ಕಡೆ ಎಳೆಯುವುದುಂಟು. ರೋಗಿಗೆ ತನ್ನಲ್ಲಿ ಅದು ಕಾಣುವುದಿಲ್ಲ, ಮನೆಯವರಿಗೆ ಕಾಣುತ್ತದೆ. ಗಮನಿಸಿ, ಕಂಡರೆ ವೈದ್ಯರಿಗೆ ಹೇಳಿ. ಗಡ್ಡೆ ಬೇಗ ಕುಗ್ಗಿದಾಗ ಮೂಗಿನಿಂದ ತಿಳಿ ನೀರು ತೊಟ್ಟಿಕ್ಕಲು ಶುರುವಾದರೆ ಅದು ನೆಗಡಿ ಎಂದು ಸುಮ್ಮನಿರಬೇಡಿ.

ಎರಡು ಕೆಲಸ ಈ ವಾರವೇ ಆಗಲಿ. ಒಂದು, ಮನೆಯ ಔಷಧಿ ಡಬ್ಬಿ ನೋಡಿ. ಗ್ಯಾಸ್ಟ್ರಿಕ್‌ಗೆ ಎಂದು ನುಂಗುವ ಎಷ್ಟೋ ಮಾತ್ರೆಗಳಲ್ಲಿ ಪ್ಯಾಂಟೊಪ್ರಜೋಲ್ ಅಥವಾ ರಾಬೆಪ್ರಜೋಲ್ ಜೊತೆ ಡಾಂಪೆರಿಡೋನ್, ಲೆವೊಸಲ್ಪಿರೈಡ್ ಸೇರಿರುತ್ತದೆ. ಇವೆರಡೂ ಡೋಪಮೈನಿಗೆ ಅಡ್ಡ ನಿಂತು ಪ್ರೊಲ್ಯಾಕ್ಟಿನನ್ನು ಏರಿಸುತ್ತವೆ. ನಿಮ್ಮ ತಮ್ಮನವರ 486ಕ್ಕೆ ಅವು ಕಾರಣವಲ್ಲ, 14 ಮಿಲಿಮೀಟರ್ ಗಡ್ಡೆ ಕಣ್ಣೆದುರಿಗಿದೆ. ಆದರೆ ಕ್ಯಾಬರ್ಗೋಲಿನ್ ಒಂದು ಕಡೆ ಎಳೆಯುವಾಗ ಈ ಮಾತ್ರೆ ಇನ್ನೊಂದು ಕಡೆ ಎಳೆಯಬಾರದು. ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದಿ, ಇದ್ದರೆ ಸ್ಟ್ರಿಪ್ಪನ್ನೇ ವೈದ್ಯರಿಗೆ ತೋರಿಸಿ.

ಎರಡನೆಯದು ಕಣ್ಣು. ಗ್ರಂಥಿಯ ನೆತ್ತಿಯ ಮೇಲೆ ಕಣ್ಣಿನ ನರಗಳು ಕೂಡುತ್ತವೆ ಎಂದು ಮೊದಲು ಹೇಳಿದೆನಲ್ಲ. ಗಡ್ಡೆ ಮೇಲಕ್ಕೆ ಬೆಳೆದರೆ ಅಲ್ಲಿ ಒತ್ತುತ್ತದೆ. ಆಗ ಎದುರಿನದು ಚೆನ್ನಾಗಿ ಕಾಣುತ್ತದೆ, ಪೇಪರು ಓದಬಹುದು, ಆದರೆ ಎಡ ಬಲ ಎರಡೂ ಅಂಚಿನ ನೋಟ ಮಾಸುತ್ತದೆ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತದೆ, ಪಕ್ಕದಿಂದ ಬಂದ ಗಾಡಿ ಮೈಮೇಲೆ ಬಂದಾಗಲೇ ಗೊತ್ತಾಗುತ್ತದೆ. ನಿಧಾನಕ್ಕೆ ಆಗುವುದರಿಂದ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಕಣ್ಣಿನ ವೈದ್ಯರು ಫೀಲ್ಡ್ ಟೆಸ್ಟ್ ಎಂಬ ಪರೀಕ್ಷೆಯಲ್ಲಿ, ಬೋಗುಣಿಯಂಥ ಪರದೆಯೊಳಗೆ ಅಲ್ಲಲ್ಲಿ ಚುಕ್ಕಿ ಬೆಳಕು ತೋರಿಸಿ, ಕಂಡಾಗಲೆಲ್ಲ ಗುಂಡಿ ಒತ್ತಿಸಿ ಇದನ್ನು ಕಂಡುಹಿಡಿಯುತ್ತಾರೆ. ಒಂದೊಂದು ಕಣ್ಣಿಗೆ ಕೆಲವೇ ನಿಮಿಷದ ಕೆಲಸ. ನೀವು ಕಳಿಸಿದ ಕಾಗದಗಳಲ್ಲಿ ಆ ರಿಪೋರ್ಟ್ ಇಲ್ಲ. ಮೊನ್ನೆ ಬೈಕಿನಲ್ಲಿ ಹೋಗುವಾಗ ಪಕ್ಕದಿಂದ ಬಂದ ಆಟೋ ಕಾಣಲಿಲ್ಲ ಎಂದು ತಮ್ಮನವರು ಹೇಳಿದ್ದನ್ನು ಪತ್ರದ ಕೊನೆಗೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ, ಬರೆದಿದ್ದೀರಿ. ಸಂಬಂಧ ಇರಬಹುದು. ನಾಳೆಯೇ ಫೋನ್ ಮಾಡಿ ಪರೀಕ್ಷೆಗೆ ದಿನ ತೆಗೆದುಕೊಳ್ಳಿ. ಫಲಿತಾಂಶ ಬರುವವರೆಗೆ ಬೈಕಿನ ಕೀಲಿ ನಿಮ್ಮ ಹತ್ತಿರ ಇರಲಿ.